26 ಆವರ್ತ, 25 ಪದ: ಒಂದು ಯಹೂದಿ ಮನೆತನದ ಕಾಗದಗಳನ್ನು ಕುಣಿದ ಬಗೆ

ಎರಡನೇ ಮಹಾಯುದ್ಧ ಶುರುವಾದ ಮೇಲೆ ವಿಯೆನ್ನಾದಿಂದ ಲಂಡನ್ನಿಗೆ ನೇರ ಟಪಾಲು ನಿಂತುಹೋಯಿತು. ಉಳಿದ ಮುಖ್ಯ ದಾರಿ ಎಂದರೆ ರೆಡ್ ಕ್ರಾಸ್ ನಮೂನೆ. ಜಿನೀವಾ ಸುತ್ತಿ ಬರುವ ಒಂದೇ ಒಂದು ಹಾಳೆ. ಮನೆಯ ಸುದ್ದಿ ಮಾತ್ರ ಬರೆಯಬೇಕು, 25 ಪದ ದಾಟಬಾರದು, ಉತ್ತರವನ್ನು ಅದರ ಬೆನ್ನ ಮೇಲೆಯೇ ಬರೆಯಬೇಕು. ನಡುವೆ ಎರಡೂ ಕಡೆಯ ಸೆನ್ಸಾರಿನವರು ಓದುತ್ತಾರೆ. ತಲುಪಲು ತಿಂಗಳುಗಟ್ಟಲೆ. ನಮ್ಮ ಕೈಗೆ ಬಂದ ಮನೆತನದ ಕಟ್ಟಿನಲ್ಲಿ ಅಂಥ ಹನ್ನೊಂದು ಹಾಳೆಗಳಿದ್ದವು: ವಿಯೆನ್ನಾದಲ್ಲಿ ಉಳಿದ ಅಪ್ಪ–ಅಮ್ಮ, 1939ರಲ್ಲಿ ಮಕ್ಕಳ ರೈಲು ಹತ್ತಿ ಒಬ್ಬಳೇ ಬ್ರಿಟನ್ನಿಗೆ ಬಂದ ಹನ್ನೊಂದು ವರ್ಷದ ಮಗಳಿಗೆ ಬರೆದವು. ಜೊತೆಗೆ ಅವಳು ಕಳಿಸಿ, ತಲುಪದೆ ವಾಪಸು ಬಂದ ಒಂದು ಹಾಳೆ.

ಆ ಹಾಳೆಗಳಿಂದ 34 ನಿಮಿಷದ ಒಂದು ನೃತ್ಯ–ಕಾವ್ಯ ಪ್ರಯೋಗ ಕಟ್ಟಿದೆವು. ಭರತನಾಟ್ಯದ ಕಡೆ ನಾನು, ಕವಿತೆಯ ಕಡೆ ನನ್ನ ಗೆಳತಿ, ಒಬ್ಬರು ಮೃದಂಗದವರು, ಒಬ್ಬರು ಚೆಲೊ ನುಡಿಸುವವರು. ಲಂಡನ್ನಿನಲ್ಲಿರುವ ಆ ಮನೆಯವರ ಹೆಸರು ಇಲ್ಲಿ ಹಾಕುವುದಿಲ್ಲ, ಕಾಗದದ ಮಾತುಗಳನ್ನೂ ಬದಲಿಸಿದ್ದೇನೆ. ಇಂಥದ್ದನ್ನು ಮಾಡಹೊರಟವರಿಗೆ ಕೈಗೆ ಬರುವಂಥ ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ಕುಣಿಯುವ ಮೊದಲು ದಾಖಲೆ. ಇದಕ್ಕೆ ನಾಲ್ಕು ತಿಂಗಳು ಹೋಯಿತು, ಅಭ್ಯಾಸಕ್ಕೆ ಮೂರೇ ತಿಂಗಳು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದುಕೊಂಡೆವು: ಕಾಗದ ಹೇಳುವುದು, ಮನೆಯವರು ಹೇಳುವುದು, ಯಾರಿಗೂ ಗೊತ್ತಿಲ್ಲದ್ದು. ಮೂರನೆಯದು ಖಾಲಿ ಬಿಡುವ ಅಂಕಣವಲ್ಲ, ತುಂಬಬೇಕಾದದ್ದು. “ಬೀಳ್ಕೊಟ್ಟಾಗ ಅಮ್ಮ ಏನೆಂದಳು, ಗೊತ್ತಿಲ್ಲ” ಎಂದು ಅಲ್ಲಿ ಬರೆದರೆ, ಮುಂದೆ ಅಭಿನಯದಲ್ಲಿ ಅಮ್ಮನ ಬಾಯಿಗೆ ಮಾತು ತುರುಕುವಾಗ ಕೈ ತಡೆಯುತ್ತದೆ.

ವಿಯೆನ್ನಾದ ಮನೆತನವಾದರೆ ಹುಡುಕುವ ಜಾಗಗಳು ಇವು. ಆಸ್ಟ್ರಿಯಾದ ಪ್ರತಿರೋಧ ದಾಖಲೆ ಕೇಂದ್ರದ ಹತರ ಪಟ್ಟಿ, ಜರ್ಮನಿಯ ಆರೊಲ್ಸೆನ್ ಸಂಗ್ರಹ, ಜೆರುಸಲೇಮಿನ ಯಾದ್ ವಶೆಮ್‌ನ ಹೆಸರುಗಳ ಕೋಶ — ಮೂರನ್ನೂ ಮನೆಯಲ್ಲೇ ಕುಳಿತು ನೋಡಬಹುದು. ಲಂಡನ್ನಿನಲ್ಲಿ ವೀನರ್ ಹೊಲೊಕಾಸ್ಟ್ ಗ್ರಂಥಾಲಯವಿದೆ. ನಮಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಮಾತ್ರ ಎರಡು ಬಗೆಯ ಸರಕಾರಿ ಭಾಷೆಯ ಕಾಗದ. ಒಂದು, ನಾಜಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ 1938–39ರಲ್ಲಿ ವಿಯೆನ್ನಾದ ಯಹೂದಿ ಸಮುದಾಯ ಸಂಸ್ಥೆ ತುಂಬಿಸಿಕೊಂಡ ವಲಸೆ ಪ್ರಶ್ನಾವಳಿ. ಇನ್ನೊಂದು, 5,000 ಮಾರ್ಕಿಗಿಂತ ಹೆಚ್ಚು ಆಸ್ತಿಯಿದ್ದ ಯಹೂದಿಗಳು 1938ರಲ್ಲಿ ಕಡ್ಡಾಯವಾಗಿ ಸಲ್ಲಿಸಬೇಕಾಗಿದ್ದ ಆಸ್ತಿ ಘೋಷಣೆ. ಅದು ಆಸ್ಟ್ರಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಬೆಳ್ಳಿ ಚಮಚ ಎಷ್ಟು, ಹೊಲಿಗೆಯಂತ್ರಕ್ಕೆ ಬೆಲೆ ಎಷ್ಟು ಎಂಬ ಪಟ್ಟಿಯನ್ನು ಓದುವಾಗ ಮನೆಯೊಳಗೆ ಕೋಣೆಯಿಂದ ಕೋಣೆಗೆ ನಡೆದಂತಾಗುತ್ತದೆ. ದೇಶ ಬಿಟ್ಟು ಹೋಗುವವರ ಮೇಲೆ ಹಾಕುತ್ತಿದ್ದ ಪಲಾಯನ ತೆರಿಗೆ ಆಸ್ತಿಯ ಶೇ. 25. ಆ 25ಕ್ಕೂ ಕಾಗದದ 25ಕ್ಕೂ ಸಂಬಂಧವಿಲ್ಲ. ಆದರೂ ನನ್ನ ಗೆಳತಿ ಅದನ್ನು ಬಿಡಲೊಲ್ಲದೆ ಒಂದು ಕವಿತೆಯ ತಲೆಬರಹ ಮಾಡಿದಳು. ಅದು ನನಗೆ ಇಂದಿಗೂ ಅಷ್ಟು ಇಷ್ಟವಿಲ್ಲ.

ಹೆಸರುಗಳಲ್ಲಿ ಎಡವುವುದು ಸುಲಭ. 1939ರಿಂದ, ಸರಕಾರ ಪಟ್ಟಿ ಮಾಡಿದ ಯಹೂದಿ ಹೆಸರು ಇಲ್ಲದ ಯಹೂದಿ ಹೆಂಗಸರು ‘ಸಾರಾ’ ಎಂದೂ ಗಂಡಸರು ‘ಇಸ್ರಾಯೆಲ್’ ಎಂದೂ ಹೆಸರಿಗೆ ಸೇರಿಸಿಕೊಳ್ಳಬೇಕೆಂದು ನಾಜಿ ಕಾನೂನು. ಅದರಾಚೆಗಿನ ದಾಖಲೆಗಳಲ್ಲಿ ಅಮ್ಮನ ಹೆಸರಿನ ಜೊತೆ ‘ಸಾರಾ’ ಇರುತ್ತದೆ. ಅದನ್ನು ನಿಜವಾದ ಎರಡನೇ ಹೆಸರೆಂದುಕೊಂಡು ರಂಗದಲ್ಲಿ ಓದಿದರೆ ಆ ಕಾನೂನನ್ನು ನಾವೇ ಮತ್ತೊಮ್ಮೆ ಜಾರಿ ಮಾಡಿದ ಹಾಗೆ. ನಾವು ಜನನ ದಾಖಲೆಯಲ್ಲಿದ್ದ ಹೆಸರನ್ನಷ್ಟೇ ಓದಿದೆವು. ಊರ ಹೆಸರೂ ಹಾಗೆಯೇ. ಈ ಮನೆಯ ಅಜ್ಜ–ಅಜ್ಜಿ 1914ರಲ್ಲಿ ರಷ್ಯಾದ ಸೈನ್ಯ ಬಂತೆಂದು, ಆಗ ಆಸ್ಟ್ರಿಯಾ ಸಾಮ್ರಾಜ್ಯದ ಪೂರ್ವದ ಪ್ರಾಂತವಾಗಿದ್ದ ಗಲೀಸಿಯಾದಿಂದ ವಿಯೆನ್ನಾಕ್ಕೆ ಓಡಿಬಂದವರು. ಅವರ ಕಾಗದದ ‘ಲೆಂಬರ್ಗ್’ ಆಮೇಲೆ ಪೋಲೆಂಡಿನ ‘ಲ್ವೂಫ್’ ಆಯಿತು, ಈಗ ಯುಕ್ರೇನಿನ ‘ಲ್ವಿವ್’. ನಕಾಶೆ ಬಿಡಿಸುವಾಗ ಯಾವ ವರ್ಷದ್ದು ಎಂದು ಮೊದಲು ಬರೆದುಕೊಳ್ಳಿ. “ನಾವು ತಲೆತಲಾಂತರದಿಂದ ವಿಯೆನ್ನಾದವರು” ಎಂದಿದ್ದ ಮನೆಯವರಿಗೇ ಈ ಮೊದಲ ಓಟ ಗೊತ್ತಿರಲಿಲ್ಲ. ನಿರಾಶ್ರಿತರ ಕತೆ 1938ರಿಂದ ಶುರುವಾಗುತ್ತದೆ ಎಂದು ಯಾರೂ ಲೆಕ್ಕ ಹಾಕಬಾರದು.

ಹಿರಿಯರನ್ನು ಮಾತಾಡಿಸುವಾಗ 40 ನಿಮಿಷ ದಾಟಬೇಡಿ. “ಆಗ ಹೇಗನ್ನಿಸಿತು” ಎಂದು ಕೇಳಿದರೆ ನೂರು ಸಲ ಹೇಳಿ ನಯವಾದ ಉತ್ತರ ಸಿಗುತ್ತದೆ. “ಬೂಟಿಗೆ ಲೇಸಿತ್ತೋ ಗುಂಡಿಯಿತ್ತೋ”, “ಪೆಟ್ಟಿಗೆಯನ್ನು ಯಾವ ಕೈಲಿ ಹಿಡಿದಿದ್ದರಂತೆ” ಎಂದು ಕೇಳಿದರೆ ಕೈ ತಾನಾಗಿ ಮೇಲೇಳುತ್ತದೆ. ಆ ಕೈಯೇ ನಮಗೆ ಬೇಕಾದದ್ದು. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಎಲ್ಲ ದಾಯಾದಿಗಳಿಂದಲೂ. ಕಾಗದದ ಹಾಳೆ ಒಬ್ಬರ ಮನೆಯಲ್ಲಿರುತ್ತದೆ, ಅದರೊಳಗಿನ ಮಾತಿನ ಹಕ್ಕು ಬರೆದವರ ವಾರಸುದಾರರೆಲ್ಲರಿಗೂ ಸೇರಿರುತ್ತದೆ. ಪ್ರದರ್ಶನದ ಹಿಂದಿನ ದಿನದವರೆಗೂ ಯಾವ ಸಾಲನ್ನಾದರೂ ತೆಗೆಸುವ ಅಧಿಕಾರ ಮನೆಯವರಿಗಿರಲಿ. ನಮ್ಮಲ್ಲಿ ಎರಡು ಸಾಲು ಹಾಗೆ ಹೋದವು.

ಈಗ ಭಾಷೆಯ ಮಾತು. 25 ಜರ್ಮನ್ ಪದ ಕನ್ನಡಕ್ಕೆ ಬಂದರೆ 16–18 ಆಗುತ್ತದೆ. ನಮ್ಮ ವಿಭಕ್ತಿ, ಕ್ರಿಯಾಪದದ ಪ್ರತ್ಯಯಗಳು ಅವರ ಸಣ್ಣಪುಟ್ಟ ಪದಗಳನ್ನು ನುಂಗಿಬಿಡುತ್ತವೆ. ಉಳಿದ ಏಳೆಂಟು ಜಾಗ ತುಂಬುವ ಆಸೆ ಕವಿಗೆ ಬಂದೇ ಬರುತ್ತದೆ. ಒಂದು ವಿಶೇಷಣ, ಒಂದು ಮಳೆ, ಒಂದು ಕಿಟಕಿ. ಮೊದಲ ಕರಡಿನಲ್ಲಿ ಹಿಮವೂ ಬಿದ್ದಿತ್ತು. ಹಿಮ ಯಾವ ಕಾಗದದಲ್ಲೂ ಇರಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಜಾಗ 25ಏ ಇರಲಿ, ಕನ್ನಡದಲ್ಲಿ ಉಳಿದದ್ದು ಖಾಲಿ ಉಳಿಯಲಿ. ಒಂದು ಕಾಗದ ಹೀಗೆ ನಿಂತಿತು:

ನಾವು ಕ್ಷೇಮ · ನಿನ್ನ ಕಾಗದ
ತಲುಪಿತು · ದೊಡ್ಡಮ್ಮ ಪ್ರಯಾಣ ಹೊರಟರು
· · ಅಪ್ಪ ಇಂಗ್ಲಿಷ್ ಕಲಿಯುತ್ತಿದ್ದಾರೆ
· ಬೆಚ್ಚಗಿರು ಚೆನ್ನಾಗಿ ತಿನ್ನು ·
ಬೇಗ ಬರೆ · · ಮುತ್ತು

ಹದಿನೇಳು ಪದ, ಎಂಟು ಚುಕ್ಕಿ. ಇದರ ಒಂದೊಂದು ಪದಕ್ಕೂ ಒಂದೊಂದು ದಿನ ಹೋಗಿದೆ.

‘ದೊಡ್ಡಮ್ಮ’ ನೋಡಿ. ಜರ್ಮನ್ನಿನಲ್ಲಿದ್ದದ್ದು ‘ತಾಂಟೆ’. ಅವರಿಗೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಒಂದೇ. ಕನ್ನಡ ಹಾಗೆ ಬಿಡುವುದಿಲ್ಲ, ಯಾರ ಕಡೆಯವಳು ಎಂದು ಕೇಳುತ್ತದೆ. ‘ಅತ್ತೆ’ ಎಂದು ಬರೆದು ಮುಂದೆ ಹೋಗಿದ್ದೆವು. ಮನೆಯವರನ್ನು ವಿಚಾರಿಸಿದರೆ ಅವರಿಗೂ ಗೊತ್ತಿಲ್ಲ. ಕೊನೆಗೆ ಸಮುದಾಯದ ಜನನ ದಾಖಲೆಯಲ್ಲಿ ಆಕೆಯ ತಂದೆಯ ಹೆಸರು ನೋಡಿದಾಗ ತಾಯಿಯ ಅಕ್ಕ ಎಂದು ತಿಳಿಯಿತು. ಒಂದು ಅನುವಾದದ ತೊಡಕಿನಿಂದ ಆ ಮನೆಯ ವಂಶವೃಕ್ಷಕ್ಕೆ ಒಂದು ಗೆರೆ ಸೇರಿತು.

‘ಪ್ರಯಾಣ ಹೊರಟರು’ ಇನ್ನೂ ಕಷ್ಟದ್ದು. ಸೆನ್ಸಾರಿಗೆ ಸಿಗದಂತೆ ಬರೆಯುತ್ತಿದ್ದ ಮಾತದು; ಆಕೆಯನ್ನು ಪೂರ್ವಕ್ಕೆ ಗಡೀಪಾರು ಮಾಡಿದರು ಎಂದು ಅರ್ಥ. ‘ಹೋಗಿಬಿಟ್ಟರು’ ಎಂದರೆ ಕನ್ನಡದಲ್ಲಿ ಸಾವು ನೇರವಾಗಿ ಬಂದುಬಿಡುತ್ತದೆ, ಬರೆದ ತಾಯಿಗೆ ಅಷ್ಟು ಗೊತ್ತಿತ್ತೋ ಇಲ್ಲವೋ. ‘ಊರಿಗೆ ಹೋದರು’ ಎಂದು ನಾವು ಮಕ್ಕಳಿಗೆ ಸುಳ್ಳು ಹೇಳುವ ಧಾಟಿ. ತೀರಾ ನಮ್ಮ ಹಿತ್ತಲಿನದಾಯಿತು. ಬರೀ ‘ಪ್ರಯಾಣ ಹೊರಟರು’ ಎಂದಾಗ ಕೇಳುವವರು ಒಂದು ಕ್ಷಣ ಸುಮ್ಮನೆ ದಾಟಿಹೋಗುತ್ತಾರೆ, ಎರಡನೇ ಕಾಗದದಲ್ಲಿ ಇನ್ನೊಬ್ಬರು ‘ಪ್ರಯಾಣ ಹೊರಟಾಗ’ ನಿಲ್ಲುತ್ತಾರೆ. ಅದೇ ಬೇಕಿತ್ತು. ‘ಕ್ಷೇಮ’ವನ್ನು ಇಟ್ಟುಕೊಂಡೆವು, ‘ಉಭಯಕುಶಲೋಪರಿ’ ಬೇಡವೆಂದೆವು. ಎರಡೂ ಕಾಗದದ ಸಿದ್ಧ ಮಾತುಗಳೇ, ಆದರೆ ಎರಡನೆಯದು ಬಂದರೆ ವಿಯೆನ್ನಾ ಮಾಯವಾಗಿ ಅಜ್ಜನ ಇನ್‌ಲ್ಯಾಂಡ್ ಲೆಟರು ಕಾಣಿಸುತ್ತದೆ.

‘ಮುತ್ತು’ ನಮಗೆ ಪುಕ್ಕಟೆ ಸಿಕ್ಕಿದ್ದು. ಜರ್ಮನ್ನಿನ ಪದಕ್ಕೆ ಚುಂಬನ ಎಂಬ ಅರ್ಥ ಮಾತ್ರ. ಕನ್ನಡದಲ್ಲಿ ಅದು ಹವಳದ ಜೊತೆಗಿನ ಮುತ್ತೂ ಹೌದು. ಮಕ್ಕಳು ರೈಲು ಹತ್ತುವಾಗ ಬೆಲೆಬಾಳುವ ಒಡವೆ ಒಯ್ಯುವಂತಿರಲಿಲ್ಲ, ಕೈಯಲ್ಲಿ 10 ಮಾರ್ಕಿಗಿಂತ ಹೆಚ್ಚು ಹಣವಿರಬಾರದು. ಒಂಬತ್ತನೇ ಕಾಗದದಲ್ಲಿ ಮಾತ್ರ, ತುಟಿಯಿಂದ ತೆಗೆದ ಹಂಸಾಸ್ಯ ಮುದ್ರೆಯ ಕೈ ಕಿವಿಯ ಓಲೆಯ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಒಂದೇ ಸಲ. ಮೂರು ಸಲ ಮಾಡಿದರೆ ಅದು ಕಾಗದ ಬರೆದವರ ಮಾತಾಗಿ ಉಳಿಯದೆ ನಮ್ಮ ಶ್ಲೇಷೆಯಾಗುತ್ತದೆ.

ತಾಳ. ಕರ್ನಾಟಕ ಸಂಗೀತದ 35 ತಾಳಗಳಲ್ಲಿ 25 ಅಕ್ಷರದ್ದು, ಅಂದರೆ 25 ಎಣಿಕೆಯದ್ದು, ಇಲ್ಲ. ಧ್ರುವ ತಾಳ 23 ಆದ ಮೇಲೆ 29ಕ್ಕೆ ಹಾರುತ್ತದೆ. ಆದರೆ ಐದು ಎಣಿಕೆಯ ಖಂಡ ಜಾತಿ ಏಕತಾಳವನ್ನು, ಎಣಿಕೆಗೆ ಐದು ಮಾತ್ರೆಯ ಖಂಡ ನಡೆಯಲ್ಲಿ ಹಾಕಿದರೆ ಐದೈದಲ ಇಪ್ಪತ್ತೈದು ಮಾತ್ರೆ. ಒಂದು ಪದಕ್ಕೆ ಒಂದು ಮಾತ್ರೆ, ಒಂದು ಕಾಗದಕ್ಕೆ ಒಂದು ಆವರ್ತ, ಅಂದರೆ ತಾಳದ ಒಂದು ಪೂರ್ತಿ ಸುತ್ತು. ಮಾತ್ರೆಗೆ ಒಂದು ಸೆಕೆಂಡ್ ಇಟ್ಟೆವು, ಅದಕ್ಕಿಂತ ಬೇಗವಾದರೆ ‘ಕಲಿಯುತ್ತಿದ್ದಾರೆ’ ಒಳಗೆ ಹಿಡಿಸುವುದಿಲ್ಲ. ಅಂದರೆ ಒಂದು ಏಟಿನಿಂದ ಬೆರಳೆಣಿಕೆಗೆ 5 ಸೆಕೆಂಡ್. ಇಷ್ಟು ವಿಳಂಬದಲ್ಲಿ ತಾಳ ಹಿಡಿಯುವುದು ಕಷ್ಟ, ಎಲ್ಲರ ಕೈಯೂ ಮುಂದಕ್ಕೆ ಓಡುತ್ತದೆ. ಮೊದಲ ವಾರ 25 ಸೆಕೆಂಡಿನ ಆವರ್ತ 21ಕ್ಕೆ ಮುಗಿಯುತ್ತಿತ್ತು. ಮೃದಂಗದವರು ಒಳಗೊಳಗೆ ‘ತಕತಕಿಟ’ ಹೇಳಿಕೊಳ್ಳುತ್ತ, ಮಾತ್ರೆಯೊಳಗೂ ಐದನ್ನು ತುಂಬಿಕೊಂಡ ಮೇಲೆ ನಿಂತಿತು.

ಹನ್ನೊಂದು ಕಾಗದಗಳನ್ನು ಸಾಲಾಗಿ ಓದಿದರೆ ಕಾಯುವಿಕೆ ಇರುವುದಿಲ್ಲ. ಆದ್ದರಿಂದ ಒಂದು ತಿಂಗಳಿಗೆ ಒಂದು ಆವರ್ತ ಎಂದು ಇಟ್ಟೆವು. ಹುಡುಗಿಗೆ ಮೊದಲ ಕಾಗದ ತಲುಪಿದ್ದು 1941ರ ಏಪ್ರಿಲ್. ಅವಳು ಕಳಿಸಿದ್ದು ವಾಪಸು ಬಂದದ್ದು 1943ರ ಮೇ. ಒಟ್ಟು 26 ತಿಂಗಳು. ಕಾಗದ ಬಂದ ತಿಂಗಳು 11, ಬಾರದ್ದು 15. ಬಾರದ ತಿಂಗಳಲ್ಲಿ ಕವಿತೆ ಇಲ್ಲ, ಚೆಲೊ ಇಲ್ಲ, ತಾಳ ಮಾತ್ರ. ಎಲ್ಲ ಸೇರಿ 10 ನಿಮಿಷ 50 ಸೆಕೆಂಡ್. ಇಲ್ಲಿ ಯಾವ ತಾರೀಖು ಹಿಡಿಯಬೇಕು ಎನ್ನುವುದು ದೊಡ್ಡ ತೀರ್ಮಾನ. ಹಾಳೆಯ ಮೇಲೆ ಬರೆದ ದಿನ, ಜಿನೀವಾದ ಮೊಹರು, ಬ್ರಿಟನ್ನಿಗೆ ಬಂದ ದಿನ ಮೂರೂ ಸಿಗಬಹುದು. ಮೊದಲು ಬರೆದ ದಿನ ಹಿಡಿದು ಕಟ್ಟಿದ್ದೆವು, ಅದು ಸತ್ತ ಹಾಗಿತ್ತು. ಬಂದ ದಿನ ಹಿಡಿದಾಗ ತಿಳಿಯಿತು: ತಂದೆತಾಯಿಯನ್ನು ವಿಯೆನ್ನಾದ ಆಸ್ಪಾಂಗ್ ನಿಲ್ದಾಣದಿಂದ ಈಗಿನ ಬೆಲಾರುಸಿನ ಮಿನ್ಸ್ಕ್ ಹತ್ತಿರದ ಮಾಲಿ ತ್ರೊಸ್ತಿನೆಟ್ಸ್‌ಗೆ ಒಯ್ದದ್ದು 1942ರ ಜೂನ್. ಅಂದರೆ ಹದಿನೈದನೇ ಆವರ್ತ. ಅಲ್ಲಿಗೆ ಒಯ್ದವರನ್ನು ಬಹುಪಾಲು ಇಳಿದ ಕೂಡಲೇ ಕಾಡಿನಲ್ಲಿ ಕೊಲ್ಲುತ್ತಿದ್ದರು. ಹುಡುಗಿಗೆ ಅದಾದ ಮೇಲೂ ಎರಡು ಕಾಗದ ಬಂದಿವೆ, ಹದಿನಾರನೇ ಮತ್ತು ಹದಿನೆಂಟನೇ ಆವರ್ತದಲ್ಲಿ. “ನಾವು ಕ್ಷೇಮ.”

ಇದನ್ನು ತೋರಿಸುವುದು ಹೇಗೆ? ಬೆಳಕು ಕೆಂಪಾಗಿಸಿ ನೋಡಿದೆವು, ಹಿಂದೆ ರೈಲಿನ ಚಿತ್ರ ಬಿಟ್ಟು ನೋಡಿದೆವು. ಎರಡೂ ಹುಡುಗಿಗೆ ಗೊತ್ತಿಲ್ಲದ್ದನ್ನು ಅವಳ ತಲೆಯ ಮೇಲೆ ಕೂಗಿ ಹೇಳುತ್ತವೆ. ಉಳಿದದ್ದು ಹೀಗೆ: ಹದಿನೈದನೇ ಆವರ್ತದ ಮೊದಲ ಏಟಿಗೆ ಮೃದಂಗದ ಎಡಗೈ ಮೇಲೇಳುತ್ತದೆ, ಮತ್ತೆ ಇಳಿಯುವುದಿಲ್ಲ. ಬಲಗೈ ಮಾತ್ರ ಮುಂದುವರಿಯುತ್ತದೆ. ಕುಣಿಯುವವಳು ತಿರುಗಿ ನೋಡುವುದಿಲ್ಲ, ಹೆಜ್ಜೆ ಬದಲಿಸುವುದಿಲ್ಲ. ಸಭೆಯಲ್ಲಿ ಕೆಲವರಿಗೆ ಏನೋ ಕಡಿಮೆಯಾಯಿತು ಎಂದು ಕೂಡಲೇ ತಿಳಿಯುತ್ತದೆ, ಕೆಲವರಿಗೆ ಎರಡು ಆವರ್ತ ಬೇಕು. ಇದು ಕೆಲಸ ಮಾಡಬೇಕಾದರೆ ಅಲ್ಲಿಯವರೆಗೆ ಎಡದ ನಾದ ತುಂಬಿಕೊಂಡಿರಬೇಕು. ಎಡಮುಖಕ್ಕೆ ಹಚ್ಚಿದ ರವೆ ರಂಗದ ದೀಪದ ಕಾವಿಗೆ ಒಣಗುತ್ತದೆ. ಒಣಗಿದರೆ ಗುಂ ಎನ್ನುವುದೇ ಸತ್ತಿರುತ್ತದೆ, ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಪ್ರದರ್ಶನದಲ್ಲಿ ಆದದ್ದು ಅದೇ. ಈಗ ಈ ಭಾಗಕ್ಕೆ ಮುಂಚೆ 20 ಸೆಕೆಂಡ್ ಕತ್ತಲು. ಅಷ್ಟರಲ್ಲಿ ಅವರು ಬೆರಳು ಅದ್ದಿ ರವೆ ತೇವ ಮಾಡಿಕೊಳ್ಳುತ್ತಾರೆ.

ಈ ಕಾಗದಗಳದ್ದು ನಾಲ್ಕನೇ ಭಾಗ. ಉಳಿದ ಭಾಗಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ಐದು ನಿಮಿಷ ಪ್ರಶ್ನಾವಳಿ. ನನ್ನ ಗೆಳತಿ ಗುಮಾಸ್ತರ ದನಿಯಲ್ಲಿ ಪ್ರಶ್ನೆ ಓದುತ್ತಾಳೆ:

ಯಾವ ದೇಶಕ್ಕೆ ಹೋಗಬಯಸುತ್ತೀರಿ?
ಯಾವುದಾದರೂ.
ಯಾವ ಭಾಷೆ ಬರುತ್ತದೆ?
ಜರ್ಮನ್, ಪೋಲಿಷ್, ತುಸು ಫ್ರೆಂಚ್.
ಹೊಸದಾಗಿ ಕಲಿತ ಕಸುಬು?
ಕೈಗವಸು ಹೊಲಿಯುವುದು.
ಅಲ್ಲಿ ಬಂಧುಗಳು?

ಕೊನೆಯದಕ್ಕೆ ಉತ್ತರದ ಜಾಗ ಖಾಲಿ. ಉತ್ತರಗಳಿಗೆ ಅಭಿನಯ ಮಾಡದೆ ಬರೀ ಅಡವಿನ ಹೆಜ್ಜೆ ಹಾಕುತ್ತೇನೆ, ಪ್ರತಿ ಉತ್ತರಕ್ಕೂ ಹಿಂದಿನದಕ್ಕಿಂತ ಒಂದು ಅಕ್ಷರ ಕಡಿಮೆಯಾಗುವ ಜತಿ. ಗೆಜ್ಜೆ ಇರುವುದು ಈ ಭಾಗದಲ್ಲಿ ಮತ್ತು ಕೊನೆಯದರಲ್ಲಿ ಮಾತ್ರ.

ಎರಡನೆಯದು ಪೆಟ್ಟಿಗೆ ತುಂಬುವುದು, 6 ನಿಮಿಷ. 1938ರ ನವೆಂಬರ್ 9–10ರ ರಾತ್ರಿ ಯಹೂದಿ ಮಂದಿರ, ಅಂಗಡಿಗಳನ್ನು ಸುಟ್ಟು ಒಡೆದ ಮೇಲೆ ಬ್ರಿಟನ್ 17 ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡಲು ಒಪ್ಪಿತು. ವಿಯೆನ್ನಾದ ಮೊದಲ ಮಕ್ಕಳ ರೈಲು ಹೊರಟದ್ದು ಡಿಸೆಂಬರ್ 10ಕ್ಕೆ. ಯುದ್ಧ ಶುರುವಾಗುವವರೆಗೆ ಬೇರೆ ಬೇರೆ ಊರುಗಳಿಂದ ಸುಮಾರು 10,000 ಮಕ್ಕಳು ಬಂದರು, ತಂದೆತಾಯಿ ಇಲ್ಲದೆ. ತಾವೇ ಹೊರಬಲ್ಲಷ್ಟು ದೊಡ್ಡ ಪೆಟ್ಟಿಗೆ, ಕೊರಳಲ್ಲಿ ನಂಬರಿನ ಚೀಟಿ. ರಂಗದ ಮೇಲೆ ನಾವು ಪೆಟ್ಟಿಗೆ ಇಡಲಿಲ್ಲ. ಹಳೆಯ ಚರ್ಮದ ಪೆಟ್ಟಿಗೆ ಇಟ್ಟ ಕ್ಷಣ ಸಭೆ ಕತೆಯನ್ನು ತಾನೇ ಮುಗಿಸಿಕೊಂಡು ಒರಗಿ ಕೂರುತ್ತದೆ. ಆದರೆ ಅಭ್ಯಾಸವನ್ನು ನಿಜವಾದ ಪೆಟ್ಟಿಗೆಯಲ್ಲೇ ಮಾಡಬೇಕು: 7 ಕಿಲೊ ತುಂಬಿ ಮೂರು ವಾರ ಹೊತ್ತು ಕುಣಿದು, ಆಮೇಲೆ ತೆಗೆದುಬಿಡಬೇಕು. ಬಲಗೈಯಲ್ಲಿ ಭಾರವಿದ್ದರೆ ಮೈ ಎಡಕ್ಕೆ ವಾಲುತ್ತದೆ, ಎಡಗೈ ಪಕ್ಕೆಯಿಂದ ದೂರ ಸರಿಯುತ್ತದೆ, ಬಲಮೊಣಕೈ ನೆಟ್ಟಗೆ ನಿಲ್ಲುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಮಂಡಿ ಅರ್ಧ ಬಗ್ಗಿಸಿ ನಿಲ್ಲುವ ಅರೆಮಂಡಿಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಅರೆಮಂಡಿ ಕಲಿಸುವುದೇ ಭಾರವನ್ನು ಎರಡು ಕಾಲಿಗೂ ಸಮನಾಗಿ ಹಂಚಿ ಬೆನ್ನು ನೇರ ಇಡುವುದನ್ನು. ಹಾಗಾಗಿ ಇಲ್ಲಿ ಪಾದ ಸಮಾನಾಂತರ, ಮಂಡಿ ನೇರ. ಬೆರಳಿಗೂ ಎಚ್ಚರ ಬೇಕು. ನಮ್ಮ ಕೈ ಹಿಡಿಕೆ ಎಂದ ಕೂಡಲೇ ಕಟಕಾಮುಖ ಮುದ್ರೆಗೆ ಹೋಗಿ ಹೂಬುಟ್ಟಿ ಹಿಡಿದಂತೆ ಆಗುತ್ತದೆ. ಭಾರದ ಹಿಡಿಕೆ ಬೆರಳಿನ ಎರಡನೇ ಗೆಣ್ಣಿನಲ್ಲಿ ಕೂರುತ್ತದೆ, ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ.

ಮೈಯ ಭಾರವನ್ನು ನೆಲಕ್ಕೆ ಬಿಡುವ ಈ ಬಗೆ ನಮಗೆ ಸಿಕ್ಕಿದ್ದು ವಿಯೆನ್ನಾದ್ದೇ ಆದ ನೃತ್ಯಧಾರೆಯಿಂದ. ಅಲ್ಲಿಯ ನರ್ತಕಿ ಗೆರ್ಟ್ರೂಡ್ ಬೋಡೆನ್‌ವೀಸರ್ ಅವರ ಶಿಷ್ಯೆ ಹಿಲ್ಡೆ ಹೋಲ್ಗರ್ 1939ರಲ್ಲಿ ತಪ್ಪಿಸಿಕೊಂಡು ಬಂದದ್ದು ಮುಂಬಯಿಗೆ. ಅಲ್ಲಿ ಪಾರ್ಸಿ ವೈದ್ಯರೊಬ್ಬರನ್ನು ಮದುವೆಯಾಗಿ ನೃತ್ಯಶಾಲೆ ತೆರೆದರು. ನಮ್ಮ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಅವರ ಒಡನಾಟ ಅಲ್ಲಿ ಅವರಿಗಿತ್ತು. 1948ರಲ್ಲಿ ಲಂಡನ್ನಿಗೆ ಹೋಗಿ ತೀರಾ ಮುಪ್ಪಿನವರೆಗೂ ಪಾಠ ಹೇಳಿದರು, ತೀರಿಕೊಂಡದ್ದು 2001ರಲ್ಲಿ. ವಿಯೆನ್ನಾದಲ್ಲೇ ಉಳಿದ ಅವರ ತಾಯಿ, ಸೋದರಿಯನ್ನು ನಾಜಿಗಳು ಕೊಂದರು. ಭರತನಾಟ್ಯಕ್ಕೂ ವಿಯೆನ್ನಾಕ್ಕೂ ಏನು ನಂಟು ಎಂದು ಕೇಳುವವರಿಗೆ ನಾವು ಈ ಹೆಸರನ್ನು ಹೇಳುತ್ತೇವೆ.

ಮೂರನೆಯದು ನಿಲ್ದಾಣ, ಮೂರೇ ನಿಮಿಷ. ಕಿಟಕಿಯಿಂದ ಕೈಬೀಸುವುದನ್ನು ಮೊದಲು ಮಾಡಿದ್ದೆ. ಕೆಲವು ನಿಲ್ದಾಣಗಳಲ್ಲಿ ಗಲಾಟೆಯಾದೀತೆಂದು ಹೆತ್ತವರನ್ನು ಪ್ಲಾಟ್‌ಫಾರಂಗೆ ಬಿಡುತ್ತಿರಲಿಲ್ಲ, ಬೀಳ್ಕೊಡುಗೆ ಕಾಯುವ ಕೋಣೆಯಲ್ಲೇ. ಈ ಹುಡುಗಿಯ ವಿಷಯದಲ್ಲೂ ಹಾಗೆಯೇ ಎಂದು ಮನೆಯವರು ಹೇಳಿದ ಮೇಲೆ ಕಿಟಕಿ ಹೋಯಿತು, ಬಾಗಿಲು ಬಂತು. ಅವರ ನೆನಪಿನಲ್ಲಿ ತಾಯಿ ಅಳಲಿಲ್ಲ; ಕೋಟಿನ ಗುಂಡಿಯನ್ನು ಎರಡು ಸಲ ಹಾಕಿದಳು. ಕರುಣ ರಸಕ್ಕೆ ಇಷ್ಟು ಸಾಕು. ಅಳುವನ್ನು ನಾನು ಎಲ್ಲಿಯೂ ಅಭಿನಯಿಸಿಲ್ಲ. ಹಾಲೆಂಡಿನ ಗಡಿಯಲ್ಲಿ ಹೆಂಗಸರು ರೈಲಿಗೆ ತಂದು ಕೊಟ್ಟ ಬಿಸಿ ಕೋಕೋ, ಬಿಳಿ ಬ್ರೆಡ್ಡು ಅನೇಕರ ನೆನಪಿನಲ್ಲಿದೆ. ಅಲ್ಲಿ ಹಾಸ್ಯವಿದೆ. ಹಾರ್ವಿಚ್‌ಗೆ ಹಡಗಿನಲ್ಲಿ ಹೋಗುವಾಗ ಮೊದಲ ಸಲ ಸಮುದ್ರ ನೋಡಿದ್ದರಲ್ಲಿ ಅದ್ಭುತವಿದೆ. ಮಕ್ಕಳು ಮಕ್ಕಳೇ. ಹನ್ನೊಂದರ ಹುಡುಗಿಯನ್ನು ಮೂರು ದಿನವೂ ಅಳಿಸಿದರೆ ಅವಳನ್ನು ನಂಬುವವರಿಲ್ಲ.

ತಪ್ಪಾಗುವ ಜಾಗಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ. 1939ರಲ್ಲಿ ಹೊರಟ ಹುಡುಗಿಯ ಕೋಟಿಗೆ ಹಳದಿ ನಕ್ಷತ್ರ ಹೊಲಿಯಬೇಡಿ. ಜರ್ಮನಿ, ಆಸ್ಟ್ರಿಯಾದಲ್ಲಿ ಅದು ಕಡ್ಡಾಯವಾದದ್ದು 1941ರ ಸೆಪ್ಟೆಂಬರ್ 19ರಿಂದ. ನಾಜಿ ಬಂದೀಶಿಬಿರದ ಪಟ್ಟೆಪಟ್ಟೆ ಬಟ್ಟೆಯಂತೂ ಬೇಡವೇ ಬೇಡ. ಆಸ್ಪಾಂಗ್‌ನಿಂದ ಈ ತಂದೆತಾಯಿ ಹತ್ತಿದ್ದು ದನದ ಬೋಗಿಯಲ್ಲ, ಸಾಮಾನ್ಯ ಪ್ರಯಾಣಿಕರ ಬೋಗಿ. ದನದ ಬೋಗಿಗೆ ಬದಲಾಯಿಸಿದ್ದು ದಾರಿಯಲ್ಲಿ, ವೊಲ್ಕೊವಿಸ್ಕ್‌ನಲ್ಲಿ. ಹಗಲು ಹೊತ್ತು, ಊರಿನ ನಡುವೆ, ಟಿಕೆಟು ಕೊಂಡವರ ಹಾಗೆ ಹೊರಟರು ಎನ್ನುವುದು ನನಗೆ ಬೋಗಿಯ ಕತ್ತಲಿಗಿಂತ ಭಯಂಕರವಾಗಿ ಕಾಣುತ್ತದೆ. ರೈಲನ್ನು ಸೊಲ್ಲುಕಟ್ಟಿನಲ್ಲಿ ‘ತಕಧಿಮಿ ತಕಧಿಮಿ’ ಎಂದು ಓಡಿಸಬೇಡಿ, ಶಾಲೆಯ ವಾರ್ಷಿಕೋತ್ಸವ ನೆನಪಾಗುತ್ತದೆ. ಕ್ಲ್ಯಾರಿನೆಟ್ಟಿನ ಕ್ಲೆಜ್ಮರ್ ಹಾಕುವುದೂ ತಪ್ಪು. ಅದು ಪೂರ್ವ ಯುರೋಪಿನ ಯಹೂದಿಗಳ ಮದುವೆ ಸಂಗೀತ. ಈ ಮನೆಯಲ್ಲಿ ಬಾರಿಸುತ್ತಿದ್ದದ್ದು ಶೂಬರ್ಟ್. ನಮ್ಮ ಕಡೆಯ ಚಟ ಶುಭಪಂತುವರಾಳಿ ರಾಗ. ದುಃಖ ಎಂದರೆ ಸಾಕು ಅದು ಹಾಜರು. ಚೆಲೊ ಬರೀ ಎರಡು ಸ್ವರ ಹಿಡಿದು ನಿಲ್ಲುವಂತೆ ಮಾಡಿದೆವು.

ಕದ್ದಿಶ್ ಪ್ರಾರ್ಥನೆ ಹಾಕೋಣವೇ ಎಂಬ ಚರ್ಚೆ ನಡೆಯಿತು. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ದೇವರ ಸ್ತುತಿ ಮಾತ್ರ. ಹೇಳಲು ಹತ್ತು ಜನ ಸೇರಬೇಕು. ಅದು ಪೂಜೆಯ ವಸ್ತು, ರಂಗದ್ದಲ್ಲ ಎಂದರು ಮನೆಯ ಹಿರಿಯರು. ಗೆಜ್ಜೆಗೆ ನಮಸ್ಕರಿಸಿ ಕಟ್ಟಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಐದನೇ ಭಾಗ ಹಾಗಾಗಿ ಬರಿಯ ಹೆಸರುಗಳು, 4 ನಿಮಿಷ. ರಂಗದಲ್ಲಿ ಯಾರೂ ಇಲ್ಲ. ಹದಿನಾರು ಹೆಸರು, ಒಂದೊಂದಕ್ಕೂ ಒಂದು ಉಸಿರು, ನಡುವೆ ಹತ್ತು ಸೆಕೆಂಡ್. ಓದುವವರು ಆ ಮನೆಯವರೇ. ಜರ್ಮನ್ ಉಚ್ಚಾರವನ್ನು ನಾವು ಎಷ್ಟು ತಿದ್ದಿಕೊಂಡರೂ ಮನೆಯೊಳಗೆ ಕರೆಯುತ್ತಿದ್ದ ಅಡ್ಡಹೆಸರಿನ ಎಳೆತ ಬರುವುದಿಲ್ಲ. ಆಸ್ಪಾಂಗ್ ನಿಲ್ದಾಣ ಈಗಿಲ್ಲ. ಅಲ್ಲಿಂದ 47 ರೈಲುಗಳಲ್ಲಿ 47,035 ಜನರನ್ನು ಒಯ್ದರು ಎಂದು ಕರಪತ್ರದಲ್ಲಿ ಅಚ್ಚು ಹಾಕಿದ್ದೇವೆ. ಅಂಥ ಅಂಕಿಗಳೆಲ್ಲ ಕರಪತ್ರಕ್ಕೆ ಹೋಗಲಿ. ಕವಿತೆಯೊಳಗೆ ತಂದರೆ ಕವಿತೆ ಪಾಠಪುಸ್ತಕವಾಗುತ್ತದೆ.

ದಿನ ಗೊತ್ತು ಮಾಡುವಾಗ: ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಆಚರಿಸುವ ಬಂಧುಗಳು ಬರಲಾರರು. ಲಂಡನ್ನಿನ ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9ರ ಮೇಲೆ, ಶನಿವಾರ ಸಂಜೆಯ ಪ್ರದರ್ಶನ ಆಗದ ಮಾತು. ಭಾನುವಾರ ಮಧ್ಯಾಹ್ನವೇ ಸರಿ. ಆಮೇಲಿನ ಉಪಚಾರಕ್ಕೆ ಇಡೀ ಹಣ್ಣು, ಕಾಗದದ ಲೋಟದಲ್ಲಿ ಕಪ್ಪು ಚಹಾ. ಚಕ್ಕುಲಿ–ಕೋಡುಬಳೆ ಮಾಡಿ ತರುತ್ತೇವೆಂದ ಕನ್ನಡ ಬಳಗದವರಿಗೆ ಯಹೂದಿಗಳ ಊಟದ ಕೋಷರ್ ನಿಯಮ ವಿವರಿಸುವಷ್ಟರಲ್ಲಿ ಸುಸ್ತಾಯಿತು.

ಕೊನೆಯ ಭಾಗ 5 ನಿಮಿಷ. ಹದಿನಾರು ತುಂಬಿದ ಹುಡುಗಿಗೆ ಬ್ರಿಟನ್ನಿನ ಪೊಲೀಸರು ಕೊಟ್ಟ ನೋಂದಣಿ ಪುಸ್ತಕ. ಅದರ ಮೇಲಿನ ‘ಏಲಿಯನ್’ ಪದಕ್ಕೆ ‘ವಿದೇಶಿ’ ಎಂದು ಹಾಕಿ ತಿಂಗಳಾದ ಮೇಲೆ ‘ಪರದೇಶಿ’ ಹೊಳೆಯಿತು. ಬೇರೆ ದೇಶದವಳು ಎಂದೂ ಆಯಿತು, ದಿಕ್ಕಿಲ್ಲದವಳು ಎಂದೂ ಆಯಿತು. ಅಚ್ಚಿನ ಭಾಷೆಯವರು ಮೊದಲನೆಯದನ್ನು ಬರೆದರು, ಓದಿದವಳು ಎರಡನೆಯದನ್ನು ಓದಿದಳು. ಈ ಒಂದು ಪದಕ್ಕೆ ಒಂದೂವರೆ ನಿಮಿಷದ ಸಂಚಾರಿ, ಅಂದರೆ ಬಗೆಬಗೆಯಾಗಿ ಬಿಡಿಸಿ ತೋರಿಸುವ ಅಭಿನಯ, ಇದೆ. ಪ್ರದರ್ಶನದ ಒಳಗೆ ನನಗೆ ಬಿಡುವಾಗಿ ಅಭಿನಯಿಸಲು ಸಿಗುವುದು ಇಷ್ಟೇ.

ಮಂಗಳ ಹಾಡಿ ಮುಗಿಸುವಂತಿರಲಿಲ್ಲ. ರಂಗದ ಮುಂಬದಿಗೆ ಬಂದು ಕುಳಿತು ಗೆಜ್ಜೆ ಬಿಚ್ಚುತ್ತೇನೆ. ಒಂದು ಕಾಲಿಗೆ ಸುಮಾರು 40 ಸೆಕೆಂಡ್ ಹಿಡಿಯುತ್ತದೆ. ಮೊದಲ ಪ್ರದರ್ಶನದಲ್ಲಿ ಒಂದು ಕಾಲು ಮುಗಿಯುವಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು, ಇನ್ನರ್ಧ ಜನ ಹೊಡೆಯಬೇಕೋ ಬೇಡವೋ ಎಂದು ಸುತ್ತ ನೋಡಿದರು. ಈಗ ಮೊದಲ ಗಂಟು ಬಿಚ್ಚುತ್ತಿದ್ದಂತೆ ಸಭಾಂಗಣದ ದೀಪವನ್ನು ಅರ್ಧ ಏರಿಸುತ್ತೇವೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಿರುತ್ತಾರೆ, ಎರಡನೇ ಕಾಲು ಮುಗಿಯುತ್ತದೆ, ನಾನು ಗೆಜ್ಜೆಯನ್ನು ಸದ್ದಾಗದಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಹೋಗುತ್ತೇನೆ.